ದಾರದ ಕಂಪನಿಗೆ ಬೆಲೆ ಕಟ್ಟಿದ್ದು

ದಾರದ ಕಂಪನಿಯ ನೂರೈವತ್ತು ಷೇರು ಕೊಂಡಾಗ ಆ ಕಂಪನಿಯ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ ವಿಷಯ: ಅವರ ದಾರ ಮಿಷನ್ನಿನಲ್ಲಿ ತುಂಡಾಗುವುದಿಲ್ಲ. ಎನ್.ಆರ್.ಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಔಷಧಿ ಅಂಗಡಿಯ ಮೇಲೆ ನನ್ನ ಟೈಲರಿಂಗ್ ಅಂಗಡಿ ಇದೆ. ಆಗಲೇ ಹದಿನೆಂಟು ವರ್ಷದಿಂದ ಅಲ್ಲಿ ಕೂತು ರವಿಕೆ, ಚೂಡಿದಾರ, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದೆ. ಬೇರೆ ದಾರ ಹಾಕಿದರೆ ದಪ್ಪ ಬಟ್ಟೆಯ ಮೇಲೆ ಪಟಕ್ಕೆಂದು ಕಡಿದುಹೋಗುತ್ತಿತ್ತು. ಈ ದಾರ ಕಡಿಯುತ್ತಿರಲಿಲ್ಲ. ಒಂದು ಜೂನ್ ತಿಂಗಳಲ್ಲಿ ಯೂನಿಫಾರಂ ಕೆಲಸ ಚೆನ್ನಾಗಿ ನಡೆದು ಸ್ವಲ್ಪ ದುಡ್ಡು ಉಳಿಯಿತು. ಬ್ಯಾಂಕಿನಲ್ಲಿ ಡಿಮ್ಯಾಟ್ ಖಾತೆ ಮಾಡಿಸಿ, ಮೊಬೈಲಿನಲ್ಲಿ ಹುಡುಕಿ, ನೂರಾ ಅರವತ್ತು ರೂಪಾಯಿಗೆ ಒಂದರಂತೆ ಕೊಂಡುಬಿಟ್ಟೆ. ಚಿನ್ನ ಕೊಂಡಿದ್ದರೆ ಮನೆಯವರಿಗೆ ತೋರಿಸುತ್ತಿದ್ದೆ. ಇದನ್ನು ತೋರಿಸಲು ಏನೂ ಇರಲಿಲ್ಲ, ಹಾಗಾಗಿ ಹೇಳಿದೆ ಅಷ್ಟೆ. ಮರಗೆಲಸದವರಾದ ಅವರು ಉಳಿಗೆ ಸಾಣೆ ಹಿಡಿಯುತ್ತ, "ನಿನ್ನ ದುಡ್ಡು, ನೋಡ್ಕೊ" ಎಂದರು.

ಕೊಪ್ಪದಿಂದ ಒಬ್ಬರು ಮೇಡಂ ನನ್ನಲ್ಲಿಗೆ ರವಿಕೆ ಹೊಲಿಸಲು ಬರುತ್ತಿದ್ದರು. ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ವಾಣಿಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ, ತಂಗಿಯ ಜೊತೆ ಇದ್ದರು. ಕೊಪ್ಪದಲ್ಲಿ ಟೈಲರ್‌ಗಳಿಗೆ ಬರಗಾಲವಿರಲಿಲ್ಲ. ಆದರೆ ಹಿಂದೊಮ್ಮೆ ನಾನು ಹೊಲಿದ ರವಿಕೆಯ ಕುತ್ತಿಗೆ ಅವರಿಗೆ ಸರಿಯಾಗಿ ಕೂತಿತ್ತು, ಅಂದಿನಿಂದ ಬೇರೆಯವರ ಕೈಗೆ ಬಟ್ಟೆ ಕೊಟ್ಟಿರಲಿಲ್ಲ. ಒಂದು ದಿನ ಅವರು ಒಳಗೆ ಬಂದಾಗ ನಾನು ಮೊಬೈಲಿನಲ್ಲಿ ಷೇರಿನ ಬೆಲೆ ನೋಡುತ್ತಿದ್ದೆ.

"ಇದೆಂತ ನೋಡ್ತಾ ಇದ್ದೀ?" ಎಂದರು.

"ಷೇರು ಮೇಡಂ. ಈ ದಾರದ ಕಂಪನಿದು."

"ಎಂತಕ್ಕೆ ತಗೊಂಡೆ?"

"ದಾರ ಚೆನ್ನಾಗಿದೆ ಅಂತ."

ಅವರು ನಗಲಿಲ್ಲ. ಸ್ಟೂಲಿನ ಮೇಲೆ ಕೂತರು. "ದಾರ ಚೆನ್ನಾಗಿದ್ರೆ ದಾರ ತಗೋ ಮಾರಾಯ್ತಿ. ಕಂಪನಿ ತಗೊಳ್ಳೋಕೆ ಅಷ್ಟು ಸಾಲ್ದು. ಅದಕ್ಕೆ ಎಷ್ಟು ಬೆಲೆ ಕಟ್ಟಿದೆ ನೀನು?"

"ನೂರಾ ಅರವತ್ತು ಇತ್ತು. ಅಷ್ಟೇ ಕೊಟ್ಟೆ."

"ಅದು ಪೇಟೆ ಹೇಳಿದ ಬೆಲೆ. ನೀನು ಕಟ್ಟಿದ್ದು ಎಷ್ಟು?"

ನಾನು ಮೊಬೈಲ್ ಕೆಳಗಿಟ್ಟೆ. ಮೇಡಂ ಬಳಿಯೂ ಅದೇ ಕಂಪನಿಯ ಷೇರು ಇತ್ತು, ನನಗಿಂತ ಎಷ್ಟೋ ಪಟ್ಟು ಹೆಚ್ಚು, ಬಹಳ ವರ್ಷಗಳ ಹಿಂದೆ ಕೊಂಡದ್ದು. ಮಂಡಿಯ ಆಪರೇಷನ್ನಿಗೆಂದು ಇಟ್ಟುಕೊಂಡಿದ್ದರಂತೆ. ಹೊರಡುವಾಗ ಬಾಗಿಲಲ್ಲಿ ನಿಂತು, "ಭಾನುವಾರ ಕೊಪ್ಪಕ್ಕೆ ಬಾ. ಒಂದು ಪುಸ್ತಕ, ಒಂದು ಪೆನ್ಸಿಲ್ ತಾ" ಎಂದರು.

ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ, ಪಿಯುಸಿವರೆಗೆ, ಅದೂ ಕಲಾ ವಿಭಾಗ. ಕಂಪನಿಯ ವಾರ್ಷಿಕ ವರದಿ ಇಂಗ್ಲಿಷಿನಲ್ಲಿ ಇನ್ನೂರು ಪುಟದ ಹತ್ತಿರ ಇತ್ತು. ಮೊದಲ ಭಾನುವಾರ ಕೊಪ್ಪದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಪ್ರಿಂಟ್ ಹಾಕಿಸಿ ಬೈಂಡ್ ಮಾಡಿಸಿದೆ. ಅಂಗಡಿಯವನು ಪುಟಗಳನ್ನು ಜೋಡಿಸುತ್ತ, "ಕೋರ್ಟ್ ಕೇಸಾ ಅಕ್ಕ?" ಎಂದು ಕೇಳಿದ.

ಮೇಡಂ ಆ ದಿನ ವರದಿಯನ್ನು ತೆರೆಯಲೇ ಇಲ್ಲ.

"ನಾನು ನಿನ್ನ ಅಂಗಡಿ ಕೊಂಡ್ಕೋತೀನಿ. ಎಷ್ಟಕ್ಕೆ ಕೊಡ್ತೀ?" ಎಂದು ಕೇಳಿದರು.

ಎರಡು ಹೊಲಿಗೆ ಮಿಷನ್, ಒಂದು ಓವರ್‌ಲಾಕ್ ಮಿಷನ್, ಕತ್ತರಿಸುವ ಮೇಜು, ಕನ್ನಡಿ, ಎಲ್ಲ ಕೂಡಿಸಿ ಒಂದು ಮೊತ್ತ ಹೇಳಿದೆ.

"ಅಷ್ಟೇಯಾ? ಹಾಗಾದ್ರೆ ಗಿರಾಕಿಗಳು ಪುಕ್ಕಟೆ?"

ಆಮೇಲೆ ತಿಂಗಳಿಗೆ ಎಷ್ಟು ಉಳಿಯುತ್ತದೆ ಎಂದು ಕೇಳಿದರು. ಹೇಳಿದೆ. ಅದರಲ್ಲಿ ಬಾಡಿಗೆ ಹೋಯಿತೇ, ಕರೆಂಟು ಹೋಯಿತೇ, ಮುಂದೆ ಮಿಷನ್ ಹಾಳಾದರೆ ಹೊಸದು ತರಲು ತೆಗೆದಿಟ್ಟದ್ದು ಹೋಯಿತೇ ಎಂದು ಒಂದೊಂದಾಗಿ ಕಳೆಸಿದರು. ಎಲ್ಲ ಕಳೆದು ಉಳಿದದ್ದನ್ನು ನಾನು ಹೆಮ್ಮೆಯಿಂದ ತೋರಿಸಿದಾಗ ಕೊನೆಯ ಪ್ರಶ್ನೆ ಬಂತು. "ನಾನು ಕೊಂಡ ಮೇಲೆ ಮಿಷನ್ ಮೇಲೆ ಯಾರು ಕೂರ್ತಾರೆ? ನಂಗೆ ಹೊಲಿಯಕ್ಕೆ ಬರಲ್ಲ. ಒಬ್ಬರನ್ನ ಸಂಬಳಕ್ಕೆ ಇಡ್ಬೇಕು. ಆ ಸಂಬಳ ಕಳೆ."

ಕಳೆದೆ. ಉಳಿದದ್ದು ಬಹಳ ಕಡಿಮೆ. ಹದಿನೆಂಟು ವರ್ಷ ಲಾಭ ಎಂದುಕೊಂಡಿದ್ದರಲ್ಲಿ ಮುಕ್ಕಾಲು ಪಾಲು ನನ್ನದೇ ಕೂಲಿ ಎಂದು ಅವತ್ತು ತಿಳಿಯಿತು. ಅವಮಾನವಾದಂತಾಯಿತು. ಮೇಡಂ ತಂಗಿ ತಂದಿಟ್ಟ ಕಾಫಿ ಆರಿಹೋಯಿತು. ಮನೆಗೆ ಬರುವ ಬಸ್ಸಿನಲ್ಲಿ ಮತ್ತೆ ಮೊದಲಿನಿಂದ ಲೆಕ್ಕ ಹಾಕಿದೆ. ಅಷ್ಟೇ ಬಂತು. ಆ ಸೋಮವಾರದಿಂದಲೇ ಲೈನಿಂಗ್ ರವಿಕೆಯ ಹೊಲಿಗೆ ದರ ಏರಿಸಿದೆ. ಷೇರಿನ ಪಾಠದಿಂದ ನನಗೆ ಸಿಕ್ಕಿದ ಮೊದಲ ಲಾಭ ಅದೇ.

ಮುಂದಿನ ಭಾನುವಾರಗಳಲ್ಲಿ ವರದಿ ಓದಿದೆವು. ನನಗೆ ತಿಳಿಯದ ಇಂಗ್ಲಿಷ್ ಪದವನ್ನು ಅಳತೆ ಬರೆಯುವ ಪುಸ್ತಕದ ಎಡಪುಟದಲ್ಲಿ ಬರೆದು, ಮುಂದೆ ಅರ್ಥ ಬರೆಯುತ್ತಿದ್ದೆ. ಬಲಪುಟದಲ್ಲಿ ಯಾರದೋ ಎದೆಸುತ್ತು, ತೋಳುದ್ದ ಇರುತ್ತಿತ್ತು. ಪುಟ ಓದಿಸಿ, ಮಕ್ಕಳಿಗೆ ಕೇಳಿದಂತೆ ಮೇಡಂ ಪ್ರಶ್ನೆ ಕೇಳುತ್ತಿದ್ದರು. ತಪ್ಪಿದರೆ ಅದೇ ಪುಟ ಮತ್ತೊಮ್ಮೆ. ನನಗೆ ಆಗ ನಲವತ್ತೊಂದು ವರ್ಷ. ಆ ವಯಸ್ಸಿನಲ್ಲಿ ಬೈಸಿಕೊಳ್ಳುವುದು ಕಷ್ಟ. ಆದರೆ ಬಿಡಲು ಮನಸ್ಸಾಗಲಿಲ್ಲ. ವಾರವಿಡೀ ಇನ್ನೊಬ್ಬರ ಅಳತೆಗೆ ಕತ್ತರಿ ಆಡಿಸುವವಳಿಗೆ ನನ್ನದೇ ಅಂತ ಒಂದು ಅಳತೆ ತೆಗೆಯುವುದು ಬೇಕಾಗಿತ್ತು.

ನಾಲ್ಕು ತಿಂಗಳಿಗೆ ಕಂಪನಿಗೆ ಬೆಲೆ ಕಟ್ಟುವ ಕ್ರಮ ಕೈಗೆ ಹತ್ತಿತು. ಐದು ವರ್ಷದ ವರದಿ ಎದುರಿಗಿಟ್ಟುಕೊಂಡು, ವ್ಯಾಪಾರದಿಂದ ನಿಜವಾಗಿ ಕೈಗೆ ಬಂದ ನಗದು ಎಷ್ಟು ಎಂದು ತೆಗೆಯುವುದು. ಯಂತ್ರಗಳನ್ನು ಬದಲಿಸಲು ಬೇಕಾದ ಖರ್ಚು ಕಳೆಯುವುದು. ಉಳಿದದ್ದನ್ನು ಒಟ್ಟು ಷೇರುಗಳಿಗೆ ಹಂಚುವುದು. ಬ್ಯಾಂಕಿನಲ್ಲಿಟ್ಟರೆ ತಲೆನೋವಿಲ್ಲದೆ ಬಡ್ಡಿ ಬರುತ್ತದೆ. ಇಲ್ಲಿ ಅಪಾಯ ಇದೆ, ಹಾಗಾಗಿ ಅದಕ್ಕಿಂತ ಎಷ್ಟು ಹೆಚ್ಚು ಸಿಕ್ಕರೆ ನನಗೆ ಒಪ್ಪಿಗೆ ಎಂದು ಕೇಳಿಕೊಂಡು, ಅಲ್ಲಿಂದ ಬೆಲೆಗೆ ಬರುವುದು. ನಾನು ಮೊದಲ ಬಾರಿ ಕಟ್ಟಿದ ಬೆಲೆ ನೂರಾ ಎಂಬತ್ತರಿಂದ ಇನ್ನೂರ ಇಪ್ಪತ್ತರ ನಡುವೆ ಬಂತು. ಸರಿಯಾಗಿ ಒಂದೇ ಸಂಖ್ಯೆ ಯಾಕೆ ಬರುವುದಿಲ್ಲ ಎಂದು ಕೇಳಿದ್ದಕ್ಕೆ ಮೇಡಂ, "ಒಂದೇ ಸಂಖ್ಯೆ ಹೇಳುವವ ಒಂದೋ ದೇವರು, ಇಲ್ಲಾ ದಲ್ಲಾಳಿ" ಎಂದರು.

ಅವರು ಕಲಿಸಿದ ಇನ್ನೊಂದು ಕೆಲಸ, ಕಂಪನಿ ಯಾರ ಕೈಯಲ್ಲಿದೆ ಎಂದು ನೋಡುವುದು. ಮೂರು ತಿಂಗಳಿಗೊಮ್ಮೆ ಪ್ರತಿ ಕಂಪನಿಯೂ ತನ್ನ ಷೇರು ಯಾರಲ್ಲಿ ಎಷ್ಟಿದೆ ಎಂಬ ಪಟ್ಟಿಯನ್ನು ಷೇರುಪೇಟೆಯ ಜಾಲತಾಣದಲ್ಲಿ ಹಾಕಬೇಕು. ಕಂಪನಿ ಕಟ್ಟಿದ ಮನೆತನದವರದ್ದು ಎಷ್ಟು, ಮ್ಯೂಚುವಲ್ ಫಂಡ್‌ಗಳದ್ದು ಎಷ್ಟು, ವಿಮಾ ಕಂಪನಿಗಳದ್ದು ಎಷ್ಟು, ಹೊರದೇಶದವರದ್ದು ಎಷ್ಟು, ಕೊನೆಗೆ ನನ್ನಂಥ ಸಣ್ಣವರದ್ದು ಎಷ್ಟು. ನಾನು ಒಂದು ಪುಟಕ್ಕೆ ಐದು ಗೆರೆ ಎಳೆದು, ಒಬ್ಬೊಬ್ಬರಿಗೆ ಒಂದು ಗೆರೆಯಂತೆ ಅದನ್ನು ಬರೆಯತೊಡಗಿದೆ. ಮೇಡಂಗೆ ಈ ಪಟ್ಟಿಯ ಮೇಲೆ ವಿಶೇಷ ನಂಬಿಕೆ. "ನೋಡು, ಎರಡು ದೊಡ್ಡ ಫಂಡು, ಒಂದು ವಿಮಾ ಕಂಪನಿ ಕೂತಿದಾವೆ. ಅವರ ಹತ್ರ ಓದಿಕೊಂಡವರು ಎಷ್ಟು ಜನ ಇರ್ತಾರೆ. ಅವರಿಗೆ ಗೊತ್ತಿಲ್ದೇ ಇರುತ್ತಾ?" ಎನ್ನುತ್ತಿದ್ದರು. ನಾನೂ ನಂಬಿದೆ. ಅಷ್ಟು ದೊಡ್ಡವರ ಸಾಲಿನಲ್ಲಿ ನನ್ನ ನೂರೈವತ್ತು ಷೇರೂ ಇದೆಯಲ್ಲ ಎಂದು ಖುಷಿಯೂ ಇತ್ತು.

ಎರಡು ವರ್ಷ ಹೀಗೆ ಹೋಯಿತು. ಮೂರನೆಯ ವರ್ಷ ದಾರ ಕಡಿಯತೊಡಗಿತು.

ಮೊದಲು ಒಂದು ರೀಲಿನಲ್ಲಿ ಆಯಿತು. ತೇವ ಹಿಡಿದಿರಬೇಕು ಎಂದುಕೊಂಡೆ. ನಂತರ ಹೊಸ ಡಬ್ಬದ ಎಲ್ಲ ರೀಲುಗಳಲ್ಲೂ. ಅದೇ ಲೇಬಲ್, ಅದೇ ಬಣ್ಣ, ಆದರೆ ಬೆರಳ ನಡುವೆ ಎಳೆದರೆ ನುಣುಪಿಲ್ಲ, ಅಲ್ಲಲ್ಲಿ ಗಂಟು. ಒಬ್ಬಳು ಗಿರಾಕಿ ಬಂದು, ಮದುವೆ ಮನೆಯಲ್ಲಿ ಪಕ್ಕದ ಹೊಲಿಗೆ ಬಿಟ್ಟುಕೊಂಡಿತು ಎಂದಷ್ಟೇ ಹೇಳಿ, ನನ್ನ ಮೇಜಿನ ಮೇಲೆ ರವಿಕೆ ಇಟ್ಟು ಹೋದಳು. ಅದು ಬೈಗುಳಕ್ಕಿಂತ ಹೆಚ್ಚು ಕುಟುಕಿತು.

ಆ ವಾರ ಪುಸ್ತಕ ತೆಗೆದು, ಗೆರೆ ಎಳೆದ ಪುಟವನ್ನು ಮೇಲಿಂದ ಕೆಳಗೆ ಓದಿದೆ. ಪ್ರತಿ ಮೂರು ತಿಂಗಳಿಗೂ ಬರೆದಿದ್ದೆ, ಆದರೆ ಒಟ್ಟಿಗೆ ಓದಿರಲಿಲ್ಲ. ಒಂದು ವರ್ಷದಿಂದ ಫಂಡುಗಳ ಪಾಲು ಸ್ವಲ್ಪಸ್ವಲ್ಪವೇ ಇಳಿಯುತ್ತ ಬಂದಿತ್ತು. ವಿಮಾ ಕಂಪನಿಯದ್ದೂ ಇಳಿದಿತ್ತು. ಏರಿದ್ದು ಕೊನೆಯ ಗೆರೆ ಮಾತ್ರ, ಸಣ್ಣವರದ್ದು. ದೊಡ್ಡವರು ಇಳಿಸಿದ್ದನ್ನೆಲ್ಲ ನನ್ನಂಥವರು ಹೊತ್ತುಕೊಂಡಿದ್ದರು. ಬೆಲೆ ಮಾತ್ರ ಅಲುಗಾಡದೆ ನೂರಾ ತೊಂಬತ್ತರ ಆಸುಪಾಸಿನಲ್ಲೇ ಇತ್ತು.

ಹೊಸ ವರದಿ ಬಂದಿತ್ತು. ಮತ್ತೆ ಮೊದಲಿಂದ ಬೆಲೆ ಕಟ್ಟಲು ಕೂತೆ. ಲಾಭ ಹೆಚ್ಚಾಗಿದೆ ಎಂದು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿತ್ತು. ಆದರೆ ನಗದು ಬಂದಿರಲಿಲ್ಲ. ಮಾಲು ಹೋಗಿದೆ, ದುಡ್ಡು ಬಾಕಿ. ಬಾಕಿ ಯಾರದ್ದು ಎಂದು ಹುಡುಕಿದರೆ, ಕೊನೆಯ ಟಿಪ್ಪಣಿಗಳಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ಹೆಚ್ಚಿನ ಪಾಲು ಒಂದೇ ವಿತರಣಾ ಸಂಸ್ಥೆಯದ್ದು ಎಂದಿತ್ತು. ಆ ಸಂಸ್ಥೆ ಅಧ್ಯಕ್ಷರ ಸಂಬಂಧಿಕರದ್ದು. ಎರಡು ದಿನ ಅದನ್ನೇ ಓದಿದೆ, ನನ್ನ ಇಂಗ್ಲಿಷಿನ ಮೇಲೆ ನನಗೆ ನಂಬಿಕೆಯಿರಲಿಲ್ಲ. ಹೊಸ ಬೆಲೆ ಎಂಬತ್ತರಿಂದ ನೂರರ ಒಳಗೆ ಬಂತು.

ಭಾನುವಾರ ಮೇಡಂ ಎದುರು ಪುಸ್ತಕ ಇಟ್ಟೆ. ಅವರು ಕನ್ನಡಕ ಹಾಕಿ ನೋಡಿದರು, ಬಹಳ ಹೊತ್ತಲ್ಲ.

"ಫಂಡಿನವರು ಮಾರೋದಕ್ಕೆ ನೂರು ಕಾರಣ ಇರುತ್ತೆ. ಅವರಿಗೂ ದುಡ್ಡು ವಾಪಸ್ ಕೇಳೋರು ಇರ್ತಾರೆ."

"ಹೌದು ಮೇಡಂ. ಆದ್ರೆ ಮೂವರೂ ಒಟ್ಟಿಗೆ? ಮತ್ತೆ ದಾರವೂ ಕಡೀತಿದೆ."

"ನಿನ್ನ ಮಿಷನ್ ಹಳೇದಾಯ್ತೋ ಏನೋ."

"ಮಿಷನ್ನಿಗೆ ಮೊನ್ನೆ ತಾನೇ ಎಣ್ಣೆ ಬಿಟ್ಟು ಸೂಜಿ ಬದಲಿಸಿದ್ದೀನಿ."

"ಮೂರು ವರ್ಷ ಆಯ್ತು ನೀನು ಕಲಿಯೋಕೆ ಶುರು ಮಾಡಿ," ಎಂದರು ಮೇಡಂ. ದನಿ ಏರಿರಲಿಲ್ಲ. "ಅವರು ಹುಟ್ಟಿದಾಗಿಂದ ಇದನ್ನೇ ಮಾಡ್ತಿದ್ದಾರೆ. ಒಬ್ಬರು ಹೋಗ್ತಾರೆ, ಇನ್ನೊಬ್ಬರು ಬರ್ತಾರೆ. ನಾನು ಇಪ್ಪತ್ತೆರಡು ವರ್ಷದಿಂದ ಇಟ್ಟುಕೊಂಡಿದ್ದೀನಿ ಈ ಷೇರು. ರವಿಕೆ ಹೊಲಿಗೆ ಬಿಟ್ಟಿತು ಅಂತ ಮಾರೋದಾ?"

ನಾನು ಪುಸ್ತಕ ಮುಚ್ಚಿಕೊಂಡು ಎದ್ದೆ. ಅವರು ಕೂರು ಎನ್ನಲಿಲ್ಲ. ಮುಂದಿನ ಭಾನುವಾರ ನಾನು ಹೋಗಲಿಲ್ಲ, ಅವರೂ ಫೋನ್ ಮಾಡಲಿಲ್ಲ.

ಆದರೆ ಮಿಷನ್ನಿನ ಮಾತು ಮನಸ್ಸಿನಲ್ಲಿ ಉಳಿಯಿತು. ಅವರು ಹೇಳಿದ್ದು ನಿಜವೂ ಆಗಿರಬಹುದಲ್ಲ. ಹೊಸ ಡಬ್ಬದಿಂದ ಹತ್ತು ರೀಲು ಚೀಲಕ್ಕೆ ಹಾಕಿಕೊಂಡೆ. ಒಂದು ಮಂಗಳವಾರ ಅಂಗಡಿ ಬಾಗಿಲು ಹಾಕಿ, ಮುತ್ತಿನಕೊಪ್ಪದಲ್ಲಿ ಒಬ್ಬಳು, ಕೊಪ್ಪದಲ್ಲಿ ಇಬ್ಬರು, ಶೃಂಗೇರಿಯಲ್ಲಿ ಮೂವರು ಟೈಲರ್‌ಗಳ ಬಳಿ ಹೋದೆ. ಅವರವರ ಮಿಷನ್ನಿನಲ್ಲಿ, ಅವರವರ ಕೈಯಲ್ಲೇ, ಪ್ಯಾಂಟಿನ ಬಟ್ಟೆಯ ಮೇಲೆ ನಾಲ್ಕು ಮಡಿಕೆ ಹೊಲಿಸಿದೆ. ಶೃಂಗೇರಿಯಲ್ಲಿ ಪೇಟೆಬೀದಿಯ ಒಬ್ಬ ಹಿರಿಯ ಟೈಲರ್, "ನೀನು ಯಾವ ಕಂಪನಿ ಏಜೆಂಟಮ್ಮ?" ಎಂದು ಅನುಮಾನದಿಂದ ಕೇಳಿದರು. ಏಜೆಂಟಲ್ಲ, ಪಾಲುದಾರಳು ಎಂದೆ. ಅವರಿಗೆ ಅದು ಇನ್ನೂ ಅನುಮಾನ ತಂದಿತು. ಆದರೂ ಹೊಲಿದು ನೋಡಿದರು. ಆರು ಜನರಲ್ಲಿ ನಾಲ್ವರ ಮಿಷನ್ನಿನಲ್ಲಿ ಕಡಿಯಿತು. ಅದರಲ್ಲಿ ಮೂವರು ಆಗಲೇ ಬೇರೆ ದಾರಕ್ಕೆ ಹೋಗಿದ್ದರು. ಉಳಿದಿಬ್ಬರಿಗೆ ಏನೂ ಆಗಲಿಲ್ಲ. ಅದನ್ನೂ ಬರೆದುಕೊಂಡೆ, ಬರೆಯದಿದ್ದರೆ ನನಗೆ ನಾನೇ ಸುಳ್ಳು ಹೇಳಿಕೊಂಡಂತೆ.

ಕಂಪನಿಯ ವಾರ್ಷಿಕ ಸಭೆ ಹತ್ತಿರ ಬಂದಿತ್ತು. ಈಗ ಸಭೆಗಳು ಮೊಬೈಲಿನಲ್ಲೇ ನಡೆಯುತ್ತವೆ. ಮೊದಲೇ ಈಮೇಲ್ ಕಳಿಸಿ ಹೆಸರು ಕೊಟ್ಟರೆ ಒಂದು ಷೇರು ಇದ್ದವರೂ ಅಧ್ಯಕ್ಷರನ್ನು ಪ್ರಶ್ನೆ ಕೇಳಬಹುದು. ಇದನ್ನು ಮೇಡಂ ಹಿಂದೆ ಪಾಠದಲ್ಲಿ ಹೇಳಿದ್ದರು, ಆದರೆ ಅವರೇ ಎಂದೂ ಕೇಳಿರಲಿಲ್ಲ. ನಾನು ಈಮೇಲ್ ಕಳಿಸಿದೆ. ಮೂರು ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು ಹತ್ತು ದಿನ ಮಿಷನ್ ತುಳಿಯುತ್ತ ಬಾಯಿಪಾಠ ಮಾಡಿದೆ. ಮನೆಯವರು ಊಟಕ್ಕೆ ಬಂದಾಗ ಅವರನ್ನು ಅಧ್ಯಕ್ಷರ ಜಾಗದಲ್ಲಿ ಕೂರಿಸಿ ಕೇಳುತ್ತಿದ್ದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, "ಎರಡನೇದು ನಿಧಾನ ಹೇಳು, ಉಸಿರು ಸಿಕ್ಕಿಹಾಕ್ಕೊಳ್ತಿದೆ" ಎನ್ನುತ್ತಿದ್ದರು.

ಸಭೆಯ ದಿನ ನಾನು ಶೃಂಗೇರಿಯಲ್ಲಿರಬೇಕಾಯಿತು. ಯಾತ್ರಿಕರು ಇಳಿದುಕೊಳ್ಳುವ ಒಂದು ವಸತಿಗೃಹದ ಇಪ್ಪತ್ತು ಕೋಣೆಗಳಿಗೆ ಪರದೆ, ದಿಂಬಿನ ಚೀಲ ಹೊಲಿಯುವ ಕೆಲಸ ಸಿಕ್ಕಿತ್ತು. ಕಿಟಕಿಗಳ ಅಳತೆಗೆ ಅವತ್ತೇ ಕರೆದಿದ್ದರು. ಬೆಳಿಗ್ಗೆ ಹನ್ನೊಂದರವರೆಗೆ ಅಳತೆ ತೆಗೆದು, ಮ್ಯಾನೇಜರ್ ಬಳಿ ಹೋಗಿ, "ಒಂದು ಮೀಟಿಂಗ್ ಇದೆ, ವೈಫೈ ಇರುವ ಕಡೆ ಕೂರಬಹುದಾ?" ಎಂದೆ. ಅವರು ನನ್ನ ಕೊರಳಲ್ಲಿದ್ದ ಟೇಪನ್ನೂ ಕೈಯಲ್ಲಿದ್ದ ಹಾಳೆಯನ್ನೂ ನೋಡಿ, ಖಾಲಿ ಕೋಣೆಯೊಂದರ ಬಾಗಿಲು ತೆಗೆಸಿಕೊಟ್ಟರು. ಕಿಟಕಿಯಲ್ಲಿ ತುಂಗೆಯ ದಡದ ಮೆಟ್ಟಿಲುಗಳು ಕಾಣುತ್ತಿದ್ದವು.

ನನ್ನ ಸರದಿ ಹನ್ನೊಂದನೆಯದು. ಮೊದಲಿನವರೆಲ್ಲ ಅಧ್ಯಕ್ಷರಿಗೆ ನಮಸ್ಕಾರ ಹೇಳಿ, ವರದಿಯ ಮುಖಪುಟ ಚೆನ್ನಾಗಿದೆ ಎಂದರು. ಒಬ್ಬರು ಬೋನಸ್ ಷೇರು ಕೇಳಿದರು, ಇನ್ನೊಬ್ಬರು ಮುಂದಿನ ಸಲ ಕಾರ್ಖಾನೆ ತೋರಿಸಲು ಕರೆದುಕೊಂಡು ಹೋಗಿ ಎಂದರು. ಒಂದೂವರೆ ಗಂಟೆಯ ನಂತರ ನನ್ನ ಹೆಸರು ಬಂತು. ಹಾಳೆಯನ್ನು ಹಾಸಿಗೆಯ ಮೇಲಿಟ್ಟು ಓದಿದೆ. ನಾನು ಹೊಲಿಗೆ ಕೆಲಸದವಳು, ನಿಮ್ಮ ದಾರವನ್ನು ಇಪ್ಪತ್ತು ವರ್ಷದಿಂದ ಬಳಸುತ್ತಿದ್ದೇನೆ. ಒಂದು, ಈ ವರ್ಷದ ದಾರ ಎಲ್ಲಿ ತಯಾರಾಗುತ್ತಿದೆ, ಅದು ಯಾಕೆ ಕಡಿಯುತ್ತಿದೆ? ಎರಡು, ನಿಮ್ಮ ಸಂಬಂಧಿಕರ ವಿತರಣಾ ಸಂಸ್ಥೆ ಬಾಕಿ ದುಡ್ಡನ್ನು ಯಾವಾಗ ಕೊಡುತ್ತದೆ? ಮೂರು, ಒಂದು ವರ್ಷದಿಂದ ದೊಡ್ಡ ಸಂಸ್ಥೆಗಳು ಪಾಲು ಇಳಿಸುತ್ತಿವೆ, ಅವರು ನಿಮ್ಮನ್ನು ಏನು ಕೇಳಿದರು, ನೀವು ಏನು ಹೇಳಿದಿರಿ?

ಮೊಬೈಲಿನ ಪರದೆಯಲ್ಲಿ ಅಧ್ಯಕ್ಷರು ಪಕ್ಕದವರ ಕಡೆ ವಾಲಿದರು. ಆಮೇಲೆ ಬಹಳ ಮೃದುವಾಗಿ ಮಾತಾಡಿದರು. ನನ್ನಂಥ ಗ್ರಾಹಕರೇ ಕಂಪನಿಯ ಆಸ್ತಿ ಎಂದರು. ದಾರದ ವಿಷಯ ಸಂಬಂಧಪಟ್ಟವರು ಗಮನಿಸುತ್ತಾರೆ ಎಂದರು. ಬಾಕಿ ಎಂಬುದು ವ್ಯಾಪಾರ ಬೆಳೆಸುವಾಗ ಸಹಜ ಎಂದರು. ಮೂರನೆಯದಕ್ಕೆ, ಯಾರು ಕೊಳ್ಳುತ್ತಾರೆ ಯಾರು ಮಾರುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ ಎಂದು ಹನ್ನೆರಡನೆಯವರನ್ನು ಕರೆದರು. ನಾನು ಮೊಬೈಲ್ ಮುಚ್ಚಿ, ಉಳಿದಿದ್ದ ಎರಡು ಕಿಟಕಿಗಳ ಅಳತೆ ತೆಗೆದೆ.

ಮೂರು ವಾರಕ್ಕೆ ಕೊರಿಯರಿನಲ್ಲಿ ಒಂದು ಡಬ್ಬ ಬಂತು. ಎರಡು ಡಜನ್ ರೀಲು, ಜೊತೆಗೊಂದು ಧನ್ಯವಾದ ಪತ್ರ. ಬೆರಳ ನಡುವೆ ಎಳೆದು ನೋಡಿದೆ. ಹಳೆಯ ದಾರವೇ, ನುಣ್ಣಗೆ, ಗಂಟಿಲ್ಲದ್ದು. ಒಳ್ಳೆಯ ದಾರ ಯಾವುದು ಎಂದು ಅವರಿಗೆ ಗೊತ್ತಿತ್ತು ಎಂದಾಯಿತು. ಬಾಕಿಯ ಬಗ್ಗೆ ಪತ್ರದಲ್ಲಿ ಒಂದು ಸಾಲೂ ಇರಲಿಲ್ಲ. ಆ ದಾರದಲ್ಲಿ ವಸತಿಗೃಹದ ಪರದೆಗಳನ್ನು ಹೊಲಿದೆ. ಅದೇ ವಾರ ನನ್ನ ಷೇರುಗಳನ್ನೆಲ್ಲ ನೂರಾ ತೊಂಬತ್ತಕ್ಕೆ ಮಾರಿದೆ. ಮೇಡಂಗೆ ಒಂದು ಮೆಸೇಜ್ ಕಳಿಸಿದೆ: "ನಾನು ಮಾರಿದೆ. ಯಾಕೆ ಅಂತ ನನ್ನ ಪುಸ್ತಕದ ಫೋಟೊ ಕಳಿಸಿದ್ದೀನಿ." ಓದಿದ ಗುರುತು ಬಂತು, ಉತ್ತರ ಬರಲಿಲ್ಲ.

ನಾನು ಮಾರಿದ ಮೇಲೆ ಬೆಲೆ ಇಳಿಯಬೇಕಿತ್ತಲ್ಲ. ಏರಿತು. ಇನ್ನೂರಾಯಿತು, ಇನ್ನೂರ ಮೂವತ್ತಾಯಿತು. ಸಂಕ್ರಾಂತಿಯ ಹೊತ್ತಿಗೆ ಇನ್ನೂರ ಅರವತ್ತು ದಾಟಿತು. ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಈ ಕಂಪನಿಯ ಹೆಸರು ಓಡಾಡುತ್ತಿದೆ ಎಂದು ಬ್ಯಾಂಕಿನ ಗುಮಾಸ್ತೆ ಹೇಳಿದಳು. ನಾನು ಕತ್ತರಿ ಹಿಡಿದಿದ್ದರೂ ಕಣ್ಣು ಮೊಬೈಲಿನ ಕಡೆಗೇ. ಒಮ್ಮೆ ಒಳ್ಳೆಯ ರೇಷ್ಮೆ ಬಟ್ಟೆಯ ತೋಳನ್ನು ಒಂದಿಂಚು ಗಿಡ್ಡ ಕತ್ತರಿಸಿ, ಬಟ್ಟೆಯ ದುಡ್ಡು ನಾನೇ ಕೊಟ್ಟೆ.

ಮನೆಯವರು ಅದನ್ನು ಗಮನಿಸಿರಬೇಕು. "ನಂಗೆ ಷೇರು ಗೊತ್ತಿಲ್ಲ. ನೀನು ಲೆಕ್ಕ ಮಾಡಿ ಮಾರಿದ್ದೋ, ಹೆದರಿ ಮಾರಿದ್ದೋ?" ಎಂದು ಕೇಳಿದರು.

"ಲೆಕ್ಕ ಮಾಡಿ."

"ಲೆಕ್ಕ ತಪ್ಪಾಗಿದ್ಯಾ?"

"ಮತ್ತೆ ಎರಡು ಸಲ ಮಾಡಿದೆ. ಅಷ್ಟೇ ಬರುತ್ತೆ."

"ಹಾಗಾದ್ರೆ ದಿನಾ ಬೆಲೆ ನೋಡೋದು ಬಿಡು. ಮಾರಿದ ಮರ ಎಷ್ಟಕ್ಕೆ ಹೋಯ್ತು ಅಂತ ನಾನು ಕೇಳ್ತೀನಾ?"

ಬೆಲೆ ನೋಡುವುದನ್ನು ಬಿಟ್ಟೆ. ಸುಲಭವಾಗಲಿಲ್ಲ, ಆದರೆ ಬಿಟ್ಟೆ. ಮೂರು ತಿಂಗಳಿಗೊಮ್ಮೆ ಬರುವ ಪಟ್ಟಿಯನ್ನು ಮಾತ್ರ ಬಿಡಲಿಲ್ಲ. ನನ್ನದಲ್ಲದ ಕಂಪನಿಯ ಗೆರೆಗಳನ್ನು ತುಂಬಿಸುತ್ತಲೇ ಹೋದೆ. ಆ ವರ್ಷದ ಮಾರ್ಚ್ ಕೊನೆಯ ಪಟ್ಟಿಯಲ್ಲಿ ವಿಮಾ ಕಂಪನಿಯ ಹೆಸರೇ ಇರಲಿಲ್ಲ. ಫಂಡುಗಳ ಗೆರೆಯಲ್ಲಿ ಸೊನ್ನೆ. ಮೇಡಂ ನಂಬಿದ್ದ ದೊಡ್ಡವರು ಒಬ್ಬರೂ ಉಳಿದಿರಲಿಲ್ಲ. ಆ ಪುಟದ ಫೋಟೊವನ್ನೂ ಅವರಿಗೆ ಕಳಿಸಿದೆ. ಅದಕ್ಕೂ ಉತ್ತರವಿಲ್ಲ.

ಮೇ ತಿಂಗಳಲ್ಲಿ ಲೆಕ್ಕಪರಿಶೋಧಕರು ರಾಜೀನಾಮೆ ಕೊಟ್ಟರು. ಅದರ ಹಿಂದೆಯೇ ಆ ವಿತರಣಾ ಸಂಸ್ಥೆಯ ಬಾಕಿ ಬರುವುದಿಲ್ಲವೆಂದು ಕಂಪನಿಯೇ ಹೇಳಿತು. ಒಂದು ದಿನದಲ್ಲಿ ಇದಕ್ಕಿಂತ ಇಳಿಯಬಾರದೆಂದು ಪೇಟೆ ಹಾಕುವ ಕೆಳಮಿತಿಯನ್ನು ಷೇರು ದಿನವೂ ಮುಟ್ಟಿ ನಿಲ್ಲುತ್ತಿತ್ತು. ಮಾರುತ್ತೇನೆ ಎಂದರೂ ಕೊಳ್ಳುವವರಿಲ್ಲ. ನನಗೆ ಸಂತೋಷವಾಗಲಿಲ್ಲ. ಮೇಡಂ ಮಂಡಿ ಹಿಡಿದುಕೊಂಡು ನನ್ನ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದದ್ದೇ ಕಣ್ಣಿಗೆ ಬರುತ್ತಿತ್ತು. ಎರಡನೆಯ ವಾರ ಅಂಗಡಿ ಮುಚ್ಚಿ ಕೊಪ್ಪದ ಬಸ್ಸು ಹತ್ತಿದೆ.

ಬಾಗಿಲು ತೆಗೆದವರು ಅವರೇ. ಸುಮಾರು ಒಂಬತ್ತು ತಿಂಗಳ ನಂತರ ನೋಡುತ್ತಿದ್ದೆವು.

"ಬಾ," ಎಂದರು. ಕೂತ ಮೇಲೆ, "ಹೇಳಿಬಿಡು. ನೀನು ಹೇಳಿದ ಹಾಗೇ ಆಯ್ತು ಅಂತ" ಎಂದರು.

"ಅದನ್ನು ಹೇಳೋಕೆ ಬಸ್ ಚಾರ್ಜ್ ಯಾಕೆ ಕೊಡಲಿ ಮೇಡಂ? ಈಗ ಅದಕ್ಕೆ ಎಷ್ಟು ಬೆಲೆ ಅಂತ ನೋಡೋಣ ಅಂತ ಬಂದೆ."

ಅವರು ಎದ್ದು, ಕಪಾಟಿನಿಂದ ಆರು ವರ್ಷದ ಹಿಂದಿನ ಒಂದು ವರದಿ ತಂದರು. ಅದರ ನಂತರದ್ದು ಯಾವುದೂ ಇರಲಿಲ್ಲ. "ನಿಂಗೆ ಕಲಿಸುವಾಗ ನಿನ್ನ ಪ್ರತೀಲೇ ಓದಿದೆ. ನನಗೋಸ್ಕರ ಅಂತ ಒಂದು ವರ್ಷನೂ ಲೆಕ್ಕ ಹಾಕಿರಲಿಲ್ಲ. ಪಟ್ಟೀಲಿ ದೊಡ್ಡ ಹೆಸರಿತ್ತು, ಅವರು ಓದಿರ್ತಾರೆ ಅಂತ ನಾನು ಓದೋದು ಬಿಟ್ಟೆ. ಮಕ್ಕಳಿಗೆ ಮೂವತ್ತು ವರ್ಷ ಬೈದಿದ್ದೇ ಇದಕ್ಕೆ. ಪಕ್ಕದವನ ಉತ್ತರ ನೋಡಿ ಬರೀಬೇಡಿ ಅಂತ."

ನನ್ನ ಪುಸ್ತಕ ತೆಗೆದೆ. ಮೂರು ಗಂಟೆ ಕೂತೆವು. ಬಾಕಿಯನ್ನು ಪೂರ್ತಿ ಹೊಡೆದುಹಾಕಿದೆವು. ದಾರ ಬಿಟ್ಟುಹೋದ ಟೈಲರ್‌ಗಳು ಮರಳಿ ಬರುವುದಿಲ್ಲ ಎಂದು ವ್ಯಾಪಾರವನ್ನೂ ಇಳಿಸಿದೆವು. ಮೇಡಂ ಒಂದು ಕಡೆ ನಾನು ಸಾಲವನ್ನು ಕಳೆಯಲು ಮರೆತದ್ದನ್ನು ಹಿಡಿದರು. ಕೊನೆಗೆ ಬೆಲೆ ಮೂವತ್ತೈದರಿಂದ ನಲವತ್ತೈದು ಎಂದು ಬಂತು. ಪೇಟೆಯಲ್ಲಿ ಅವತ್ತು ಅರವತ್ತೆರಡು.

"ಇಷ್ಟು ಇಳಿದ ಮೇಲೂ ಹೆಚ್ಚೇ," ಎಂದರು ಮೇಡಂ.

"ಹೌದು."

"ಇಪ್ಪತ್ಮೂರು ವರ್ಷ ಆಯ್ತು ಮಾರಾಯ್ತಿ, ನಾನಿದನ್ನ ತಗೊಂಡು."

ಮಾರುವುದೋ ಬಿಡುವುದೋ ಅವರೇ ತೀರ್ಮಾನ ಮಾಡಬೇಕಾದದ್ದು. ಅದೇ ವಾರ ಕೊಳ್ಳುವವರು ಕಾಣಿಸಿಕೊಂಡ ದಿನ ಬೆಳಿಗ್ಗೆ ಅವರು ಎಲ್ಲವನ್ನೂ ಐವತ್ತೆಂಟಕ್ಕೆ ಮಾರಿದರು. ಬಹಳ ಹಿಂದೆ ಅಗ್ಗಕ್ಕೆ ಕೊಂಡದ್ದರಿಂದ ಹಾಕಿದ ದುಡ್ಡು ಹೋಗಲಿಲ್ಲ, ಆದರೆ ಆಪರೇಷನ್ನಿಗೆ ಸಾಕಾಗಲಿಲ್ಲ. ತಂಗಿ ತನ್ನ ಒಂದು ಠೇವಣಿ ಮುರಿಸಿದರು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಮಂಡಿಗೆ ಪಟ್ಟಿ ಕಟ್ಟಿದರೂ ಸಲೀಸಾಗಿ ಹಾಕಿಕೊಳ್ಳುವಂತೆ ಬದಿಗೆ ಗುಂಡಿಯಿಟ್ಟು ನಾಲ್ಕು ನೈಟಿ ಹೊಲಿದುಕೊಟ್ಟೆ. ಹೊಲಿಗೆ ದುಡ್ಡು ಬೇಡವೆಂದರೂ ಲೆಕ್ಕ ಹಾಕಿ ಕೊಟ್ಟರು. ನನ್ನ ಕೂಲಿ ಸೇರಿಸಿದ್ದೇನಾ ಎಂದು ಎರಡು ಸಲ ಕೇಳಿದರು.

ದಾರದ ಕಂಪನಿಯ ಷೇರು ಈಗ ಮೂವತ್ತರ ಕೆಳಗಿದೆ. ನನ್ನ ಲೆಕ್ಕ ಪ್ರತಿ ಸಲವೂ ಸರಿಯಾಗುತ್ತದೆ ಎಂದು ಯಾರೂ ತಿಳಿಯಬಾರದು. ಆ ನಂತರ ಒಂದು ಬಟ್ಟೆ ಗಿರಣಿಗೆ ಧೈರ್ಯವಾಗಿ ಬೆಲೆ ಕಟ್ಟಿ ಕೊಂಡೆ, ಹತ್ತಿಯ ದರ ಏರಿದಾಗ ಹಾಕಿದ ದುಡ್ಡಿನ ಕಾಲು ಭಾಗ ಕರಗಿತು. ಅದಕ್ಕೆ ಯಾರನ್ನೂ ದೂರಲಿಲ್ಲ. ಪುಸ್ತಕದಲ್ಲಿ ಎಲ್ಲಿ ತಪ್ಪಿದೆ ಎಂದು ಕೆಂಪು ಪೆನ್ನಿನಲ್ಲಿ ಬರೆದು, ಮೇಡಂಗೆ ತೋರಿಸಿದೆ. ಅವರು ಅದರ ಕೆಳಗೆ, ಶಾಲೆಯಲ್ಲಿ ಹಾಕುವಂತೆ, ಸಹಿ ಹಾಕಿದರು.

ಹೋದ ವರ್ಷ ಮುತ್ತಿನಕೊಪ್ಪದ ಟೈಲರ್, ಅವತ್ತು ನನ್ನ ರೀಲು ಪರೀಕ್ಷೆ ಮಾಡಿಕೊಟ್ಟವಳು, ನನ್ನ ಅಂಗಡಿಗೆ ಬಂದು, "ಅಕ್ಕ, ಒಂದು ಒಳ್ಳೆ ಕಂಪನಿ ಹೆಸರು ಹೇಳು, ನಾನೂ ಹಾಕ್ತೀನಿ" ಎಂದಳು. ಹೆಸರು ಹೇಳುವುದಿಲ್ಲ, ಬೇಕಾದರೆ ಭಾನುವಾರ ಬಾ ಎಂದೆ. ಮುಂದಿನ ಭಾನುವಾರ ಇನ್ನಿಬ್ಬರನ್ನು ಕರೆದುಕೊಂಡು ಬಂದಳು. ಎರಡು ವಾರಕ್ಕೆ ಆ ಇಬ್ಬರು ಬರುವುದು ಬಿಟ್ಟರು. ಇವಳು ಬಿಡಲಿಲ್ಲ. ಮೊನ್ನೆ ಗೆರೆ ಎಳೆದ ಪುಟವನ್ನು ಬಹಳ ಹೊತ್ತು ನೋಡಿ ಕೇಳಿದಳು:

"ದೊಡ್ಡವರು ಮಾರಿದ್ದು ನಮಗೆ ಗೊತ್ತಾಗೋದು ತಿಂಗಳುಗಟ್ಟಲೆ ಕಳೆದ ಮೇಲೆ ಅಲ್ದಾ? ಅಷ್ಟರೊಳಗೆ ಅವರು ಹೋಗಿ ಆಗಿರುತ್ತಲ್ಲ ಅಕ್ಕ?"

"ಆಗಿರುತ್ತೆ."

"ಮತ್ತೆ ನಾವು ಎಂತ ಮಾಡೋದು?"

"ಅವರಿಗಾಗಿ ಕಾಯೋದು ಬೇಡ. ಪೆನ್ಸಿಲ್ ತಗೋ. ಈ ಕಂಪನಿಯ ಕೈಗೆ ನಿಜವಾಗಿ ಎಷ್ಟು ನಗದು ಬಂದಿದೆ ಅಂತ ಹುಡುಕು, ನಲವತ್ತನೇ ಪುಟದಿಂದ ಮುಂದೆ ಎಲ್ಲೋ ಇರುತ್ತೆ."

ಅವಳು ಬೆರಳಿಟ್ಟುಕೊಂಡು ಓದತೊಡಗಿದಳು. ಅವಳ ಇಂಗ್ಲಿಷ್ ನನ್ನದಕ್ಕಿಂತ ನಿಧಾನ. ನಾನು ಅವಸರ ಮಾಡಲಿಲ್ಲ.